ಡ್ಯಾನ್ಯೂಬ್ ಕಡೆಗಿನ ಕಿಟಕಿ

ನನ್ನ ಗಂಡ ಲಾಡ್ಜಿನಲ್ಲಿ ಕೋಣೆ ಹಿಡಿಯುವುದನ್ನು ಒಮ್ಮೆ ನೋಡಿದವರು ಅವರೊಡನೆ ಮತ್ತೊಮ್ಮೆ ಪ್ರವಾಸ ಹೊರಡುತ್ತಿರಲಿಲ್ಲ. ಶ್ರೀಶೈಲವಿರಲಿ, ಪಂಢರಪುರವಿರಲಿ, ಮೊದಲು ಚೀಲಗಳನ್ನೆಲ್ಲ ನನಗೆ ಒಪ್ಪಿಸಿ ಮೆಟ್ಟಿಲ ಬಳಿ ನಿಲ್ಲಿಸುತ್ತಿದ್ದರು. ಆಮೇಲೆ ಮ್ಯಾನೇಜರನ ಬೆನ್ನು ಹತ್ತಿ ಒಂದಾದ ಮೇಲೊಂದು ಕೋಣೆ ತೆರೆಸುವುದು, ನಳ ಬಿಟ್ಟು ನೀರನ್ನು ಅಂಗೈಗೆ ಹಿಡಿಯುವುದು, ಹಾಸಿಗೆಯ ಮೂಲೆ ಎತ್ತಿ ಮೂಸುವುದು, ಗೋಡೆ ಬಡಿದು ನೋಡುವುದು. ಇಷ್ಟೆಲ್ಲ ಮಾಡಿ ಕೊನೆಗೆ ಮೊದಲು ತೋರಿಸಿದ ಕೋಣೆಯನ್ನೇ ಹಿಡಿಯುತ್ತಿದ್ದರು. ನಮ್ಮ ಬೀದರ್ ಕಡೆಯವರು ಹೆಚ್ಚುಕಡಿಮೆ ಎಲ್ಲರೂ ಹೀಗೆಯೇ, ಕಣ್ಣಾರೆ ಕಾಣದ ಕೋಣೆಗೆ ಮುಂಗಡ ಕೊಡುವವರಲ್ಲ. ಇವರು ಅದರಲ್ಲಿ ಒಂದು ಕೈ ಮೇಲಿದ್ದರು.

ಅಂಥವರು ಬುಡಾಪೆಸ್ಟ್ ನಗರದ ಹೋಟೆಲನ್ನು ಬೀದರಿನಲ್ಲಿ ಕುಳಿತು ಬರೀ ಫೋಟೋ ಮೇಲೆ ಆರಿಸಬೇಕಾಗಿ ಬಂತು.

ಬುಡಾಪೆಸ್ಟೇ ಏಕೆ ಎಂದು ಊರಿನವರೆಲ್ಲ ಕೇಳಿದರು. ಲಂಡನ್ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇವರು ಭಾಲ್ಕಿಯ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದವರು. ನೌಕರಿ ಇರುವತನಕ ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಯುರೋಪಿನ ನಕ್ಷೆ ಬರೆದು, ಅದರ ನಡುವೆ ನೀಲಿ ಸುಣ್ಣದ ಕಡ್ಡಿಯಿಂದ ಡ್ಯಾನ್ಯೂಬ್ ನದಿಯನ್ನು ಎಳೆದವರು. ಆ ಗೆರೆ ಒಂದು ಕಡೆ ಥಟ್ಟನೆ ದಕ್ಷಿಣಕ್ಕೆ ತಿರುಗುತ್ತದೆ, ಅದರ ಕೆಳಗೇ ಬುಡಾಪೆಸ್ಟ್ ಎಂದು ಒಂದು ಚುಕ್ಕೆ. ಒಂದು ವರ್ಷ ಮೆಹಕರದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ಸರ್, ನೀವು ಆ ನದಿ ನೋಡೀರೇನ್ರಿ ಎಂದು ಕೇಳಿದಳಂತೆ. ಇಡೀ ವರ್ಗ ನಕ್ಕಿತಂತೆ. ಮನೆಗೆ ಬಂದು ನನಗೆ ಹೇಳುವಾಗ ಇವರೂ ನಕ್ಕರು, ಆದರೆ ಊಟಕ್ಕೆ ಕುಳಿತಾಗ ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಆಗಲೇ ನನಗೆ ಗೊತ್ತಾಯಿತು, ಈ ಮಾತು ಇವರನ್ನು ಸುಮ್ಮನೆ ಬಿಡುವುದಿಲ್ಲವೆಂದು.

ನಿವೃತ್ತಿಗೆ ಮುಂಚೆಯೇ ಗ್ಲಾಕೋಮಾ ಇವರ ಬಲಗಣ್ಣನ್ನು ತೆಗೆದುಕೊಂಡು ಹೋಗಿತ್ತು. ಎಡಗಣ್ಣಿನಲ್ಲಿ ಉಳಿದದ್ದು ಕೊಳವೆಯೊಳಗಿಂದ ನೋಡಿದಷ್ಟು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಹನಿ ಔಷಧಿಯಿಂದ ಹಿಡಿದಿಡಲು ನೋಡೋಣ, ಎಷ್ಟು ದಿನ ಎಂದು ಮಾತ್ರ ಹೇಳಲಾರೆ ಎಂದು ಹೈದರಾಬಾದಿನ ಡಾಕ್ಟರು ಅಂದರು. ಬೀದರಿಗೆ ಮರಳುವ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕುಳಿತಿದ್ದರು. ಜಹೀರಾಬಾದ್ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಈ ವರ್ಷನೇ ಹೋಗಿ ಬರೋಣು. ಕಣ್ಣು ಇರೂದ್ರಾಗ ಒಮ್ಮಿ ಆ ನದಿ ನೋಡ್ತೇನಿ," ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬೀದರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಟ್ರಾವೆಲ್ ಆಫೀಸಿದೆ. ಹಜ್ ಯಾತ್ರೆಗೂ ಕಾಶಿ ಯಾತ್ರೆಗೂ ಒಂದೇ ಮೇಜಿನಿಂದ ಜನರನ್ನು ಕಳಿಸುವ ಅದರ ಮಾಲೀಕರು ಐವತ್ತರ ಆಸುಪಾಸಿನವರು, ಸಮಾಧಾನಿ. ಅವರ ಮೇಲೆ ನನ್ನದೊಂದೇ ತಕರಾರು. ಕೇಳುವವಳು ನಾನು, ಗೂಗಲ್‌ನಲ್ಲಿ ಹುಡುಕಿ ಹೋಟೆಲುಗಳ ಹೆಸರು ಒಯ್ದವಳು ನಾನು, ಅಲ್ಲಿಗೆ ಹೋದರೆ ಒಲೆ ಹಚ್ಚುವವಳೂ ನಾನೇ. ಅವರು ಮಾತ್ರ ಪ್ರತಿ ಸಲವೂ ಕಂಪ್ಯೂಟರಿನ ಪರದೆಯನ್ನು ನನ್ನ ಗಂಡನ ಕಡೆಗೆ ತಿರುಗಿಸುತ್ತಿದ್ದರು. "ಸರ್, ನೀವು ನೋಡ್ರಿ." ನಾನು ಕುತ್ತಿಗೆ ಚಾಚಿ ಇಣುಕಬೇಕಿತ್ತು. ಒಂದು ದಿನ ಸಿಟ್ಟು ಬಂದು, ಮೇಡಂಗೂ ಎರಡು ಕಣ್ಣಿವೆ ಎಂದುಬಿಟ್ಟೆ. ಅವರು ನಕ್ಕು ಪರದೆಯನ್ನು ಒಂದು ಬೆರಳಿನಷ್ಟು ಇತ್ತ ಸರಿಸಿದರು, ಮರುಗಳಿಗೆ ಮತ್ತೆ ಅತ್ತಲೇ ತಿರುಗಿಸಿದರು.

ವೀಸಾಕ್ಕೆ ತೋರಿಸಲೆಂದು ಯಾವುದೋ ಹೋಟೆಲು ಹಿಡಿದಿದ್ದೆವು. ವೀಸಾ ಬಂದ ಮೇಲೆ ನಿಜವಾದ ಆಯ್ಕೆ ಶುರುವಾಯಿತು. ಅರಮನೆಯಂಥವು ನಮ್ಮ ಯೋಗ್ಯತೆಗೆ ಮೀರಿದವು, ಬಂಕು ಹಾಸಿಗೆಯವು ನಮ್ಮ ವಯಸ್ಸಿಗೆ ಒಗ್ಗದವು. ನಡುವಿನ ದರ್ಜೆಯವನ್ನು ಜರಡಿ ಹಿಡಿದಾಗ ಕೊನೆಗೆ ಎರಡು ಉಳಿದವು. ಒಂದು ನದಿಯ ದಂಡೆಯ ಮೇಲಿನ ಹಳೆಯ ಕಟ್ಟಡ. ಕಿಟಕಿ ತೆರೆದರೆ ಡ್ಯಾನ್ಯೂಬ್, ಸೇತುವೆ, ಆಚೆ ಗುಡ್ಡ. ಆದರೆ ಲಿಫ್ಟು ಅರ್ಧಕ್ಕೇ ನಿಲ್ಲುತ್ತದೆ, ಅಲ್ಲಿಂದ ಸುತ್ತು ಮೆಟ್ಟಿಲು. ಇನ್ನೊಂದು ಹಿಂದಿನ ಗಲ್ಲಿಯದು. ಬಾಗಿಲತನಕ ಲಿಫ್ಟು, ಸಪಾಟು ಬಚ್ಚಲು, ಕೋಣೆಯೊಳಗೇ ಸಣ್ಣ ಒಲೆ. ಆದರೆ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಬೇರೇನೂ ಇಲ್ಲ.

ನಾನು ನದಿಯ ಕಡೆಯ ಕೋಣೆಗೆ ಗಟ್ಟಿಯಾಗಿ ಪಟ್ಟು ಹಿಡಿದೆ. ಇದ್ದಷ್ಟು ಕಣ್ಣಿಗೆ ಬೆಳಿಗ್ಗೆ ಎದ್ದಕೂಡಲೇ ಆ ನದಿ ಬೀಳಬೇಕು ಎಂಬುದು ನನ್ನ ಹಟ. ಒಲೆ ಇಲ್ಲದಿದ್ದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಮೇಲೆ ದಿನ ನೂಕಿದರಾಯಿತು. ದಿನಾಲು ಮಧ್ಯಾಹ್ನ ಫೋನಿನಲ್ಲಿ ಹೋಟೆಲಿನ ಫೋಟೋಗಳನ್ನು ತೆರೆದು ಇವರಿಗೆ ಬಿಡಿಸಿ ಹೇಳುತ್ತಿದ್ದೆ. ಇಲ್ಲಿ ನೋಡಿ ಸೇತುವೆ, ಇಲ್ಲಿ ದೋಣಿ. ಇವರು ಫೋನನ್ನು ಮೂಗಿನ ತನಕ ಒಯ್ದು ಹ್ಞೂಂ ಎನ್ನುತ್ತಿದ್ದರು. ಆದರೆ ಇವರು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಬಚ್ಚಲ ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ, ಹೊಸ್ತಿಲು ಎತ್ತರವಿದೆಯೋ, ಮಂಚದಿಂದ ಕೈ ಚಾಚಿದರೆ ಗೋಡೆ ಸಿಗುತ್ತದೆಯೋ. ಲಾಡ್ಜು ನೋಡುವ ಹಳೆಯ ಚಟ ಇನ್ನೂ ಬಿಟ್ಟಿಲ್ಲವೆಂದು ನಾನು ನಗುತ್ತಿದ್ದೆ. ಒಮ್ಮೆ ಆಫೀಸಿನಲ್ಲೂ, "ಅಲ್ಲಿ ನಳಾ ಯಾರರ ಬಿಟ್ಟು ನೋಡ್ಯಾರೇನ್ರಿ?" ಎಂದು ಕೇಳಿ ಮಾಲೀಕರನ್ನು ನಗಿಸಿದ್ದರು.

ರೊಟ್ಟಿ ಮಾಡಿಸಲು ಔರಾದಿನ ನನ್ನ ತವರಿಗೆ ಹೋದೆವು. ಅತ್ತಿಗೆಗೆ ಈ ಹೋಟೆಲಿನ ಗೊಂದಲವೇ ತಿಳಿಯಲಿಲ್ಲ. ಆ ಊರಿನಲ್ಲಿ ಒಂದು ಮಠವೂ ಇಲ್ಲವೇ, ಮಠವಿದ್ದಲ್ಲಿ ದಾಸೋಹವಿರುತ್ತದಲ್ಲ, ಇಳಿದುಕೊಳ್ಳಲು ಕೋಣೆಯೂ ಇರುತ್ತದಲ್ಲ ಎಂದಳು. ನಕ್ಕು ನಕ್ಕು ಸಾಕಾಯಿತು. ಹೊರಡುವಾಗ ಇವರು ಅಂಗಳದಲ್ಲಿ ಮಲಗಿದ್ದ ಕುರಿಗೆ ಎಡವಿ ಮುಗ್ಗರಿಸಿದರು. ಮಟಮಟ ಮಧ್ಯಾಹ್ನ, ಅಷ್ಟು ದೊಡ್ಡ ಕುರಿ. ಧ್ಯಾನ ಎಲ್ಲಿದೆ ಎಂದು ನಾನು ಬೈದೆ. ಬುಡಾಪೆಸ್ಟಿನಲ್ಲಿದೆ ಎಂದರು ಇವರು. ಅತ್ತಿಗೆ ಮತ್ತೊಮ್ಮೆ ನಕ್ಕಳು.

ಹೋಟೆಲು ಗೊತ್ತುಮಾಡುವ ಹಿಂದಿನ ವಾರ ಟ್ರಾವೆಲ್ ಆಫೀಸಿನವರು ಇನ್ನೊಂದು ಸಂಗತಿ ಹೇಳಿದರು. ಎರಡೂ ಹೋಟೆಲಿನಲ್ಲಿ ಕೋಣೆಯೊಳಗೆ ಎಣ್ಣೆ ದೀಪ, ಊದಿನಕಡ್ಡಿ ಹಚ್ಚುವಂತಿಲ್ಲ. ಹೊಗೆ ಕಂಡರೆ ಗಂಟೆ ಹೊಡೆದುಕೊಳ್ಳುತ್ತದೆ, ಇಡೀ ಕಟ್ಟಡದ ಜನ ಬೀದಿಗೆ ಬರುತ್ತಾರೆ. ನಮ್ಮಿಬ್ಬರದೂ ಬೆಳಗಿನ ಲಿಂಗಪೂಜೆ ತಪ್ಪಿದ್ದಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದರ ಕಪ್ಪು ಮೈ ಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಬೀಳುತ್ತದಲ್ಲ, ಆ ಚುಕ್ಕೆಯಲ್ಲಿ ರೆಪ್ಪೆ ಬಡಿಯದೆ ಕಣ್ಣು ನೆಡುವುದು. ದೀಪವಿಲ್ಲದೆ ಹೇಗೆ? ನಾನೇ ಸೆಲ್ಲು ಹಾಕುವ ಪುಟ್ಟ ದೀಪವೊಂದನ್ನು ತಂದೆ. ಅಲ್ಲಿಗೆ ಹೋಗಿ ಒದ್ದಾಡುವುದು ಬೇಡ, ಇಲ್ಲಿಂದಲೇ ರೂಢಿ ಮಾಡಿಕೊಳ್ಳೋಣ ಎಂದು ಮರುದಿನವೇ ಎಣ್ಣೆ ದೀಪವನ್ನು ಪಕ್ಕಕ್ಕಿಟ್ಟೆ.

ಚಳಿಗಾಲದ ಬೆಳಗು. ಬೀದರಿನ ಗಾಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ. ದೀಪದ ಗುಂಡಿ ಒತ್ತಿ ಇವರ ಮುಂದಿಟ್ಟು, ಹೂವು ತರಲು ಹಿತ್ತಲಿಗೆ ಹೋದೆ. ಬಂದು ನೋಡಿದರೆ ದೀಪ ಆರಿತ್ತು. ಅಂಗಡಿಯವನು ಹಳೆಯ ಸೆಲ್ಲು ಹಾಕಿ ಕೊಟ್ಟಿದ್ದನೇನೋ. ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಮಸುಕಾಗಿ ಕಾಣುವಷ್ಟು ಕತ್ತಲೆ. ಇವರು ಅಂಗೈ ಎತ್ತಿ ಹಿಡಿದು ನೆಟ್ಟ ನೋಟದಲ್ಲಿ ಕುಳಿತಿದ್ದರು. ಸೆಲ್ಲು ಹೋಗಿದೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ನನ್ನ ಕಾಲ ಸಪ್ಪಳ ಕೇಳಿ ಇವರೇ ಮಾತಾಡಿದರು.

"ಇದು ಛಲೋ ಅದ ನೋಡು. ಎಣ್ಣಿ ದೀಪದಂಗ ಅಲುಗಾಡೂದಿಲ್ಲ. ಚುಕ್ಕಿ ಸಾಫ್ ಕಾಣ್ತದ."

ಪೂಜೆಯಲ್ಲಿದ್ದವರನ್ನು ನಡುವೆ ಎಬ್ಬಿಸುವುದು ನಮ್ಮಲ್ಲಿ ಇಲ್ಲ. ಹೂವಿನ ತಟ್ಟೆಯನ್ನು ನೆಲಕ್ಕಿಟ್ಟು ಇವರ ಎದುರು ಕುಳಿತೆ. ಇವರು ಎಂದಿನ ಹಾಗೆಯೇ ಪೂರ್ತಿ ಪೂಜೆ ಮಾಡಿದರು. ಇಲ್ಲದ ಚುಕ್ಕೆಯನ್ನು ರೆಪ್ಪೆ ಬಡಿಯದೆ ನೋಡಿದರು. ನಾನು ಇವರನ್ನು ನೋಡಿದೆ. ಅಷ್ಟು ಹೊತ್ತು ಕುಳಿತು ಇವರ ಮುಖ ನೋಡಿದ್ದು ನಮ್ಮ ಸಂಸಾರದಲ್ಲೇ ಮೊದಲ ಸಲವೇನೋ. ಇವರು ಲಿಂಗವನ್ನು ಮತ್ತೆ ಕೊರಳಿಗೆ ಹಾಕಿಕೊಂಡ ಮೇಲೆ ಹೇಳಿದೆ.

"ದೀಪ ಆರ್‍ಯದರಿ."

ಇವರ ಕೈ ಎದೆಯ ಮೇಲೆಯೇ ನಿಂತಿತು. "ಯಾವಾಗ?"

"ನಾ ಹೂವ ತಗೊಂಡು ಬರೂದ್ರಾಗೇ."

ಆಮೇಲೆ ಒಂದೊಂದಾಗಿ ಹೊರಬಂತು. ದೀಪಾವಳಿಗೆ ಮುಂಚೆಯೇ ಎಡಗಣ್ಣಿನ ಕೊಳವೆಯೂ ಮುಚ್ಚಿಕೊಂಡಿತ್ತು. ಹಗಲು ಯಾವುದು, ರಾತ್ರಿ ಯಾವುದು ಎಂಬುದಷ್ಟೇ ಗೊತ್ತಾಗುತ್ತಿತ್ತು. ಮನೆಯೊಳಗೆ ಎಲ್ಲವೂ ಕೈಗೆ ರೂಢಿಯಾಗಿದ್ದರಿಂದ ದಿನ ಸಾಗಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ ಹೂವಿನ ತಟ್ಟೆಯನ್ನು ಎತ್ತಿ ಗೋಡೆಗೆ ಬೀಸಿದೆ. ಎಷ್ಟು ಮಧ್ಯಾಹ್ನ ನನ್ನಿಂದ ಫೋಟೋ ಹೇಳಿಸಿಕೊಂಡಿದ್ದರು, ಎಷ್ಟು ಸಲ ಹ್ಞೂಂ ಎಂದಿದ್ದರು. ಬಚ್ಚಲ ಬಾಗಿಲು, ಹೊಸ್ತಿಲು, ಗೋಡೆ ಎಂದೆಲ್ಲ ಕೇಳಿದ್ದು ಹಳೆಯ ಚಟವಾಗಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೂಗಿದೆ.

"ಹೇಳಿದ್ರ ನೀ ಹೋಟೆಲ್ ಹುಡುಕೂದೇ ಬಿಡ್ತಿದ್ದಿ," ಎಂದರು ಇವರು. "ನೀ ಆ ನದಿ ಹೇಳೂದು ಕೇಳ್ತಾ ಕೂಡೋದು ನನಗ ಬೇಕಾಗಿತ್ತು."

ಮತ್ತೆ ಹೈದರಾಬಾದಿಗೆ ಹೋಗಿ ಬಂದೆವು. ಡಾಕ್ಟರು ಹೊಸದೇನೂ ಹೇಳಲಿಲ್ಲ, ನಮ್ಮನ್ನು ಬಾಗಿಲತನಕ ಬಂದು ಕಳಿಸಿದರು, ಅಷ್ಟೇ. ಡಾಕ್ಟರು ಬಾಗಿಲತನಕ ಬಂದರೆ ಏನರ್ಥ ಎಂದು ತಿಳಿಯಲು ಬುದ್ಧಿವಂತರೇ ಆಗಬೇಕಿಲ್ಲ.

ಪ್ರವಾಸವೇ ಬೇಡ ಎಂದೆ. ಇವರು ಒಪ್ಪಲಿಲ್ಲ. "ನೋಡಲಾರದೇ ಅಷ್ಟು ವರ್ಷ ಪಾಠ ಹೇಳೇನಿ. ಈಗ ನೋಡಲಾರದೇ ಹೋಗಿ ಬರ್ತೇನಿ. ಖೋಲಿ ಮಾತ್ರ ಲಿಫ್ಟ್ ಇದ್ದದ್ದು ಹಿಡಿ." ಇದರಲ್ಲಿ ಧೈರ್ಯವಿತ್ತು ಎಂದು ಯಾರಾದರೂ ಅಂದುಕೊಂಡಾರು. ಇರಲಿಲ್ಲ. ಹಟವಿತ್ತು, ಅದೂ ಸೋತವರ ಹಟ. ನನಗೆ ಅದನ್ನು ಕೇಳಿ ಅಳು ಬಂತು, ಸಮಾಧಾನ ಬರಲಿಲ್ಲ. ಕೊನೆಗೆ ಒಂದು ಕರಾರು ಹಾಕಿದರು: ಕಣ್ಣು ಹೋದದ್ದನ್ನು ಬೀದರಿನಲ್ಲಾಗಲಿ ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಯಾರಿಗೂ ಹೇಳಕೂಡದು. ಹಿಂದೆ ಪಾಠ ಕೇಳಿದವರು ಬಂದು ಕೈ ಹಿಡಿದು ರಸ್ತೆ ದಾಟಿಸುವುದು ಇವರಿಗೆ ಬೇಡವಾಗಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮರುದಿನ ಆಟೋದಲ್ಲಿ ಟ್ರಾವೆಲ್ ಆಫೀಸಿಗೆ ಹೋದೆವು. ಒಳಗೆ ಹೋಗುವಾಗ ಇವರು ನನ್ನ ತೋಳು ಹಿಡಿದಿದ್ದರು, ನೋಡುವವರಿಗೆ ನಾನೇ ಇವರ ಆಸರೆ ಹಿಡಿದಂತೆ ಕಾಣಲಿ ಎಂದು ಸೆರಗು ಸರಿಪಡಿಸಿಕೊಂಡೆ. ಮಾಲೀಕರು ಭಾರೀ ಖುಷಿಯಲ್ಲಿದ್ದರು. ನದಿಯ ಕಡೆಯ ಕೋಣೆಯನ್ನು ನಮಗಾಗಿಯೇ ತಡೆದು ಇಟ್ಟಿದ್ದರಂತೆ, ಸಂಜೆತನಕ ಸಮಯವಿದೆಯಂತೆ. ಎಂದಿನಂತೆ ಪರದೆಯನ್ನು ಇವರ ಕಡೆಗೆ ತಿರುಗಿಸಿದರು. "ನೋಡ್ರಿ ಸರ್, ಇದೇ ಕಿಟಕಿ." ಇವರು ಮುಖವನ್ನು ದನಿ ಬಂದ ಕಡೆಗೆ ಹಿಡಿದು ಹ್ಞೂಂ ಎಂದರು. ಪರದೆ ಇದ್ದದ್ದು ಇನ್ನೊಂದು ಬದಿಗೆ.

ನಾನು ಗಲ್ಲಿಯ ಹೋಟೆಲನ್ನೇ ಹಿಡಿಯಿರಿ ಎಂದೆ. ಮಾಲೀಕರಿಗೆ ಅರ್ಥವಾಗಲಿಲ್ಲ. ಅಷ್ಟು ದಿನ ನದಿ ನದಿ ಎಂದು ಅವರ ತಲೆ ತಿಂದವಳು ನಾನೇ.

"ಅಷ್ಟು ದೂರ ಹೋಗಿ ಗ್ವಾಡಿ ನೋಡ್ತೀರೇನ್ರಿ ಮೇಡಂ?"

"ಲಿಫ್ಟ್ ಬೇಕ್ರಿ ನಮಗ."

ಮೆಟ್ಟಿಲು ಹೆಚ್ಚೇನಿಲ್ಲ, ನಿಧಾನಕ್ಕೆ ಹತ್ತಬಹುದು, ಸರ್ ಕಣ್ಣು ತುಂಬ ನದಿ ನೋಡಲಿ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಒತ್ತಾಯ ಮಾಡಿದರು. ಮತ್ತೆ ಪರದೆಯನ್ನು ಇವರ ಮುಖಕ್ಕೆ ಇನ್ನಷ್ಟು ಹತ್ತಿರ ಒಯ್ದರು. ನನ್ನ ತೋಳಿನ ಮೇಲಿದ್ದ ಇವರ ಬೆರಳುಗಳು ಒಮ್ಮೆ ಬಿಗಿಯಾದವು, ಆಮೇಲೆ ಪೂರ್ತಿ ಸಡಿಲಾದವು. ಸಡಿಲಾದದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಹೌದೋ ಅಲ್ಲವೋ ಇವತ್ತಿನತನಕ ಕೇಳಿಲ್ಲ.

"ಇವರಿಗಿ ಕಣ್ಣು ಕಾಣೂದಿಲ್ರಿ," ಎಂದೆ. "ಎರಡೂ."

ಮಾಲೀಕರ ಕೈ ಮೌಸಿನ ಮೇಲೆಯೇ ಉಳಿಯಿತು. ಅವರು ಇವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗಲ್ಲಿಯ ಹೋಟೆಲಿನ ಕೋಣೆಯನ್ನು ತೆರೆದು, ಎರಡೂ ಕೈಯಿಂದ ಪರದೆಯನ್ನು ಹಿಡಿದು, ಇವರ ಮುಂದಿನಿಂದ ಮೆಲ್ಲಗೆ ಸರಿಸಿ, ನನ್ನ ಕಡೆಗೆ ತಿರುಗಿಸಿದರು. ಕುತ್ತಿಗೆ ಚಾಚದೆಯೇ ಎಲ್ಲವೂ ಕಾಣುತ್ತಿತ್ತು. ಮಂಚ, ಒಲೆ, ಕಿಟಕಿ, ಕಿಟಕಿಯಾಚೆ ಗೋಡೆ.

"ನೀವು ನೋಡ್ರಿ ಮೇಡಂ," ಎಂದರು.