ಮಾವ ಏನೂ ಮಾಡಲಿಲ್ಲ ಎಂಬ ಅಫಿಡವಿಟ್

ಕಳೆದ ವರ್ಷ ಎರಡು ವಾರ ಕೂತು ನಾನು ಬೈಗುಳ ಅನುವಾದ ಮಾಡಿದೆ. ಕನ್ನಡದಿಂದ ಇಂಗ್ಲಿಷಿಗೆ. ಅದೂ ಕೋರ್ಟಿಗೆ.

ಬೈದವರು ಶೈಲಜಾ. ಕುಂದಾಪುರದವರು, ಇಂಗ್ಲೆಂಡಿನಲ್ಲಿ ನರ್ಸ್. ಬೈಸಿಕೊಂಡವಳು ಮಗಳು ನಿಧಿ, ಹದಿನಾರರ ಹುಡುಗಿ. ಗಂಡ ತೀರಿಕೊಂಡ ಮೇಲೆ ಶೈಲಜಾ ಮಗುವನ್ನು ಅಣ್ಣನ ಮನೆಯಲ್ಲಿ ಬಿಟ್ಟು ವಿಮಾನ ಹತ್ತಿದ್ದರು. ಅಣ್ಣ ಸುಧಾಕರ, ಇಲ್ಲೇ ವಡೋದರದ ಅಲ್ಕಾಪುರಿಯಲ್ಲಿ ಉಡುಪಿ ಹೋಟೆಲ್ ನಡೆಸುವವರು. (ಅವರ ಸಾಂಬಾರಿಗೂ ಗುಜರಾತಿನ ಸಿಹಿ ಹತ್ತಿದೆ. ಕೇಳಿದರೆ ಒಪ್ಪುವುದಿಲ್ಲ.)

ಎಂಟು ವರ್ಷದ ನಂತರ ಶೈಲಜಾಗೆ ಅಲ್ಲೇ ನೆಲೆಸುವ ಅನುಮತಿ ಸಿಕ್ಕಿತು. ಮಗಳಿಗೆ ವೀಸಾ ಕೇಳಿದರು. ಆಗುವುದಿಲ್ಲ ಎಂದು ಪತ್ರ ಬಂತು. ಕಾರಣ? ಸ್ಕೂಲ್ ಫಾರಂಗಳಲ್ಲೆಲ್ಲ ಮಾವನ ಸಹಿ. ಹಾಗಾಗಿ ಹುಡುಗಿಯ ಪೂರ್ತಿ ಜವಾಬ್ದಾರಿ ತಾಯಿಯದಲ್ಲವಂತೆ.

ಅಪೀಲು ಹಾಕಿದರು. ಮಗಳ ವಿಷಯದಲ್ಲಿ ತೀರ್ಮಾನ ತಾಯಿಯದೇ ಎನ್ನುವುದಕ್ಕೆ ಸಾಕ್ಷಿ ಕೊಡಿ ಎಂದರು ಅಲ್ಲಿನ ವಕೀಲೆ. ನಿಧಿಯ ಫೋನಿನಲ್ಲಿ ವರ್ಷಗಟ್ಟಲೆಯ ವಾಯ್ಸ್ ನೋಟುಗಳಿದ್ದವು. ಅನುವಾದಕ್ಕೆ ಎರಡೂ ಭಾಷೆ ಬಲ್ಲ, ಸಂಬಂಧಿಕನಲ್ಲದ, ಬೇರೆ ಕೆಲಸವಿಲ್ಲದ ಮನುಷ್ಯ ಬೇಕಿತ್ತು. ನಾನಲ್ಲದೆ ಇನ್ಯಾರು?

ನಾನು ಕೈಗೆತ್ತಿಕೊಂಡ ಮೊದಲ ನೋಟು: "ತಲೆಗೆ ಎಣ್ಣೆ ಹಾಕದೆ ಎಷ್ಟು ದಿನ ಆಯ್ತು ಮಾರಾಯ್ತಿ? ಕಾಮರ್ಸ್ ಗೀಮರ್ಸ್ ಬೇಡ, ಸೈನ್ಸ್ ತಕೋ. ತಲೆಯೊಳಗೆ ಎಂತ ಸೆಗಣಿ ಉಂಟಾ ನಿಂಗೆ?"

ನಾನು ಬರೆದೆ: ಮಗುವಿನ ತಲೆಯೊಳಗೆ ಸೆಗಣಿ ಇದೆಯೇ ಎಂದು ತಾಯಿ ವಿಚಾರಿಸಿದರು.

ವಕೀಲೆಗೆ ಖುಷಿಯೋ ಖುಷಿ. ಇಂಥವು ಇನ್ನೂ ಇವೆಯೇ ಎಂದು ಕೇಳಿದರು. ಇಲ್ಲದೇನು? ನಿಧಿಯ ಉತ್ತರ ಮಾತ್ರ ಪ್ರತಿ ಸಲವೂ ಗುಜರಾತಿಯಲ್ಲಿ ಒಂದೇ. "ಸಮಜಾಯ್ ಗಯು, ಮಮ್ಮಿ." ಅರ್ಥವಾಯಿತು ಅಂತ. (ಅರ್ಥವಾದ ಲಕ್ಷಣ ಎಲ್ಲೂ ಇರಲಿಲ್ಲ.)

ಕಷ್ಟವಾದದ್ದು ಸುಧಾಕರರ ಅಫಿಡವಿಟ್ ಬರೆಯುವಾಗ. ತೀರ್ಮಾನವೆಲ್ಲ ತಂಗಿಯದು, ತಾನು ಹೇಳಿದಷ್ಟು ಮಾಡಿದವನು ಮಾತ್ರ ಎಂದು ಅವರು ಪ್ರಮಾಣ ಮಾಡಬೇಕಿತ್ತು.

"ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ಐದು ದಿವಸ ಕೂತದ್ದು ನಾನು. ಅದು ಬರೀರಿ," ಎಂದರು.

"ಆಸ್ಪತ್ರೆಗೆ ಸೇರಿಸಲು ಹೇಳಿದ್ದು ಯಾರು?"

"ತಂಗಿ. ಫೋನಲ್ಲಿ."

"ಹಾಗಾದರೆ ಅಷ್ಟೇ ಬರೆಯೋಣ."

"ಸೈಕಲ್ ಕಲಿಸಿದ್ದು?"

"ಸೈಕಲ್ ಕೊಡಿಸು ಅಂತ ಹೇಳಿದ್ದು?"

ಹೋಟೆಲಿನಲ್ಲಿ ಈ ಮನುಷ್ಯ ಕೆಮ್ಮಿದರೆ ದೋಸೆ ಹಾಕುವವರು ಹರಟೆ ಬಿಟ್ಟು ಕಾವಲಿಗೆ ಬಾಗುತ್ತಾರೆ. ಇಲ್ಲಿ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು.

"ನಾನು ಎಂತದೂ ಮಾಡ್ಲಿಲ್ಲ ಅಂತಲೇ ಬರೀರಿ. ಹುಡುಗಿ ತಾಯಿ ಹತ್ರ ಹೋಗ್ಲಿ," ಎಂದು ಸಹಿ ಹಾಕಿದರು.

ಗೆದ್ದೆವು. ತೀರ್ಮಾನಗಳೆಲ್ಲ ತಾಯಿಯವೇ ಎಂದು ನ್ಯಾಯಾಧೀಶರು ಒಪ್ಪಿದರು. ಹೋದ ತಿಂಗಳು ನಿಧಿಯನ್ನು ಕಳಿಸಲು ಅಹಮದಾಬಾದ್ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಸುಧಾಕರ ಚಕ್ಕುಲಿ ಡಬ್ಬಿ ಸೂಟ್‌ಕೇಸಿನಿಂದ ತೆಗೆದರು, ಮತ್ತೆ ಹಾಕಿದರು. ಪಾಸ್‌ಪೋರ್ಟ್ ಉಂಟಲ್ಲ ಎಂದು ಆರು ಸಲ ಕೇಳಿದರು. ಹುಡುಗಿ ಗೇಟಿನವರೆಗೆ ನಗುನಗುತ್ತಲೇ ಹೋದಳು. ಅಲ್ಲಿ ನಿಂತು ಮಾವನ ಅಂಗಿ ತೋಳು ಹಿಡಿದುಕೊಂಡಳು.

"ಮಾಮಾ, ನೀನು ಕೂಡಾ ಬರ್ತದೆ ಅಲ್ವಾ?"

ಅವಳ ಹರಕು ಕನ್ನಡವನ್ನು ಯಾವಾಗಲೂ ತಿದ್ದುವ ಸುಧಾಕರ ಅವತ್ತು ತಿದ್ದಲಿಲ್ಲ.

ಒಂದು ಮಗುವನ್ನು ಒಬ್ಬರೇ ಬೆಳೆಸಿದ ಮನೆ ನಿಮ್ಮ ಬೀದಿಯಲ್ಲಿ ಎಲ್ಲಾದರೂ ಇದೆಯಾ?