ಜೊತೆಗೆ ನನ್ನ ಮಗಳಿದ್ದಾಳೆ

ನಾನು ಹೈಸ್ಕೂಲು ಮುಗಿಸಿದ ಕಾಲಕ್ಕೆ, ಭದ್ರಾವತಿಯ ನಮ್ಮ ಕೇರಿಯಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸುವ ಯೋಚನೆ ಇದ್ದವರೆಲ್ಲ ಮೊದಲು ಬರುತ್ತಿದ್ದುದು ನಮ್ಮ ಮನೆಗೆ. ಅಪ್ಪ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಹರೆಯದಲ್ಲಿ ಮೈಸೂರಿಗೆ ಹೋಗಿ ಎರಡು ವರ್ಷ ಕಾಲೇಜು ಓದಿ ಬಂದಿದ್ದರು. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯಟ್ ಕಾಲೇಜು ಆಗಿನ್ನೂ ಹೊಸದು. ಬೆಳಿಗ್ಗೆ ರೈಲು ಹತ್ತಿದರೆ ಪಾಠ ಮುಗಿಸಿ ಸಂಜೆಗೆ ಮನೆ ಸೇರಬಹುದಿತ್ತು. ಗಂಡುಹುಡುಗರು ಹಾಗೆ ಹೋಗಿಬರುತ್ತಿದ್ದರು. ಹೆಣ್ಣುಮಕ್ಕಳನ್ನು ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ನಮ್ಮ ಹಿಂದಿನ ಸಾಲಿನ ಮನೆಯಲ್ಲಿದ್ದಳು. ಅವಳ ತಂದೆ ತಮಿಳು ಸೀಮೆಯಿಂದ ಬಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ತಾಯಿಯಿಲ್ಲದ ಮಗಳು. ಮುಂದೆ ಓದಿಸಬೇಕೆಂಬ ಆಸೆ ಅವರಿಗೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು.

"ಅಷ್ಟು ಜನ ಹುಡುಗರ ಮಧ್ಯೆ ಒಬ್ಳೇ ಹೆಂಗ್ ಕೂರ್ತಾಳೆ ಸಾರ್?" ಎಂದು ಒಂದು ಭಾನುವಾರ ಜಗಲಿಯ ಅಂಚಿನಲ್ಲಿ ಕೂತು ಕೇಳಿದರು.

"ಒಬ್ಳೇ ಯಾಕಾಗ್ತಾಳೆ ಮಾರಾಯ? ಜೊತೆಗೆ ನನ್ನ ಮಗಳಿದ್ದಾಳೆ. ಇಬ್ರೂ ಒಂದೇ ರೈಲು, ಒಂದೇ ಬೆಂಚು" ಎಂದರು ಅಪ್ಪ.

ಒಳಗೆ ಅಕ್ಕಿ ಆರಿಸುತ್ತಿದ್ದ ನಾನು ಮೊರ ಕೆಳಗಿಟ್ಟು ಬಾಗಿಲ ಬಳಿಗೆ ಬಂದೆ. ನನ್ನನ್ನು ಕಾಲೇಜಿಗೆ ಕಳಿಸುತ್ತಾರೆಂದು ನನಗೆ ತಿಳಿದದ್ದೇ ಆ ಮಾತಿನಿಂದ.

ಆ ಬೇಸಿಗೆಯೆಲ್ಲ ಅಪ್ಪ ಸಂಜೆ ಹೊತ್ತು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಲೇಜಿನ ರೀತಿ ಹೇಳಿಕೊಟ್ಟರು. ಪಕ್ಕದವರು ಏನು ತಗೊಂಡರು ಎಂದು ನೋಡಿ ವಿಷಯ ಆರಿಸಬೇಡಿ, ಯಾವ ಪುಸ್ತಕ ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲವೋ ಅದನ್ನು ತಗೊಳ್ಳಿ. ಮೇಷ್ಟ್ರು ಇಂಗ್ಲಿಷಿನಲ್ಲಿ ಓಡಿಸಿಕೊಂಡು ಹೋಗುತ್ತಾರೆ. ಅರ್ಥವಾಗದಿದ್ದರೆ ಪಾಠ ಮುಗಿದ ಮೇಲೆ ಹೋಗಿ ಕೇಳಿ, ಯಾರೂ ತಿನ್ನುವುದಿಲ್ಲ. ಮೊದಲ ತಿಂಗಳು ಅಳು ಬರುತ್ತದೆ. ಅಳುವುದಾದರೆ ಅತ್ತುಬಿಡಿ, ಆದರೆ ಆ ತಿಂಗಳಲ್ಲಿ ಓದು ಬಿಡುವ ತೀರ್ಮಾನ ಮಾತ್ರ ಮಾಡಬೇಡಿ. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಅಂಥ ತಂದೆ ನನಗೊಬ್ಬಳಿಗೇ ಇರುವುದು ಎಂದು ನಾನು ಬೀಗುತ್ತಿದ್ದೆ.

ಸೇರುವ ದಿನ ಬೆಳಕು ಹರಿಯುವ ಮುಂಚೆಯೇ ಎದ್ದು ತಲೆ ಬಾಚಿ, ನೀಲಿ ಅಂಚಿನ ಸೀರೆ ಉಟ್ಟು ನಿಂತಿದ್ದೆ. ಅಪ್ಪ ನಡುಮನೆಗೆ ಬಂದು, ನನ್ನ ಮುಖ ನೋಡದೆ, "ನೀನು ಬೇಡ ಮಗ. ಈ ಸಲ ಆಗಲ್ಲ" ಎಂದರು. ಯಾಕೆಂದು ಕೇಳುವಷ್ಟರಲ್ಲಿ ಬಾಗಿಲಲ್ಲಿ ಗೆಳತಿಯ ತಂದೆಯ ದನಿ ಕೇಳಿತು. ಅಪ್ಪ ಹೊರಗೆ ಹೋಗಿ ನಗುನಗುತ್ತಲೇ ಹೇಳಿದರು: "ಇವಳಿಗೆ ಮೈ ಬಿಸಿಯಾಗಿದೆ. ಇವತ್ತು ನೀವು ಹೋಗಿ ಸೇರಿಸಿ. ನಾಲ್ಕು ದಿನ ಬಿಟ್ಟು ಇವಳೂ ಬರ್ತಾಳೆ." ನಾನು ಕದದ ಹಿಂದೆ ನಿಂತಿದ್ದೆ. ನನ್ನ ಮೈ ಆಗ ನಿಜಕ್ಕೂ ಬಿಸಿಯಾಗಿತ್ತು. ಗೆಳತಿ, ಅವಳ ತಂದೆ ಇಬ್ಬರೇ ಸ್ಟೇಷನ್ ಕಡೆ ನಡೆದರು.

ಅಡುಗೆಮನೆಗೆ ಹೋಗಿ ಅವ್ವನನ್ನು ಹಿಡಿದು ಕೇಳಿದೆ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಯುಗಾದಿಗೆ ಮುಂಚೇನೇ ಶಿವಮೊಗ್ಗದಲ್ಲಿ ಗಂಡು ಗೊತ್ತಾಗಿದೆ ಕಣೇ. ಕಾಲೇಜಿಗೆ ಹೋದ ಹುಡುಗಿ ಆ ಮನೆಯೋರಿಗೆ ಬೇಡವಂತೆ."

ಯುಗಾದಿಗೆ ಮುಂಚೆ! ಹಾಗಾದರೆ ಆ ಸಂಜೆಗಳೆಲ್ಲ ಏನು? ಅಪ್ಪನ ಎದುರು ಹೋಗಿ ನಿಂತು ಅದನ್ನೇ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. "ನೀನೂ ಹೋಗ್ತೀಯ ಅಂತ ಹೇಳದೆ ಇದ್ದಿದ್ರೆ ಆ ಮನುಷ್ಯ ಮಗಳನ್ನ ಕಳಿಸ್ತಿದ್ನಾ? ಒಂದು ಹುಡುಗಿಗಾದ್ರೂ ಒಳ್ಳೇದಾಯ್ತಲ್ಲ" ಎಂದು ಕೋಟು ಹಾಕಿಕೊಂಡು ಆಫೀಸಿಗೆ ಹೊರಟರು.

ಗೆಳತಿ ಕೆಲವು ದಿನ ಕಾದಳು. ಆಮೇಲೆ ನನ್ನ ಮದುವೆಯ ಸುದ್ದಿ ಕಿವಿಗೆ ಬಿದ್ದು, ಒಂದು ಸಂಜೆ ರೈಲಿಳಿದು ನೇರ ನಮ್ಮ ಮನೆಗೇ ಬಂದಳು. ತರಗತಿಯಲ್ಲಿ ಅವಳೊಬ್ಬಳೇ ಹುಡುಗಿಯಂತೆ.

"ನಿಮ್ಮಪ್ಪ ನಮ್ಮಪ್ಪಂಗೆ ಸುಳ್ಳು ಹೇಳಿದ್ರು. ನಿಂಗೂ ಗೊತ್ತಿತ್ತು ತಾನೆ?"

"ಇಲ್ಲ ಕಣೇ, ದೇವರಾಣೆ."

"ಒಂದೇ ಮನೇಲಿದ್ದೂ ಗೊತ್ತಿರಲಿಲ್ವಾ?"

ಅವಳು ಹೊರಟುಹೋದಳು. ಓದು ಮಾತ್ರ ಬಿಡಲಿಲ್ಲ. ಮುಂದೆ ಟೀಚರ್ ಆದಳೆಂದು ಕೇಳಿದೆ. ನನ್ನ ಮದುವೆಗೆ ಅವಳೂ ಬರಲಿಲ್ಲ, ಅವಳ ತಂದೆಯೂ ಬರಲಿಲ್ಲ. ಅಪ್ಪನಿಗೆ ಅದು ಸೋಜಿಗವಾಯಿತು. "ಮಾಡಿದ ಉಪಕಾರ ಯಾರಿಗೆ ನೆನಪಿರುತ್ತೆ" ಎಂದರು.

ಗಂಡನ ಮನೆ ಶಿವಮೊಗ್ಗದ ಪೇಟೆಯಲ್ಲಿ. ಕಾಲೇಜನ್ನು ನನ್ನಿಂದ ಕಿತ್ತುಕೊಂಡವರು ಇವರೇ ಎಂಬ ಕಹಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೊಸಿಲು ದಾಟಿದ್ದೆ. ಎಷ್ಟೋ ತಿಂಗಳು ಅತ್ತೆಯೊಂದಿಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದೆ. ಒಂದು ಮಧ್ಯಾಹ್ನ, ಮೈದುನ ಬಿಟ್ಟುಹೋಗಿದ್ದ ಇಂಗ್ಲಿಷ್ ಪುಸ್ತಕವನ್ನು ಒಲೆಯ ಮುಂದೆ ಕೂತು ಓದುತ್ತಿದ್ದೆ. ಅತ್ತೆ ಬಂದು ನಿಂತು ನೋಡಿದರು.

"ಅಯ್ಯೋ, ನಿಂಗೆ ಇದೆಲ್ಲ ಓದಕ್ಕೆ ಬರುತ್ತಾ?"

"ಕಾಲೇಜಿಗೆ ಹೋದೋಳು ಬೇಡ ಅಂತ ನೀವೇ ಅಂದ್ರಂತಲ್ಲ ಅತ್ತೆ" ಎಂದುಬಿಟ್ಟೆ.

ಅವರು ಕೆಳಗೆ ಕೂತರು. "ನಾವ್ಯಾಕಮ್ಮ ಹಾಗಂತೀವಿ? ಮುಂದೆ ಓದಿಸ್ತೀರಾ ಅಂತ ನಿಮ್ಮ ಮಾವನೇ ಕೇಳಿದ್ರು. ಅವಳಿಗೆ ಓದು ತಲೆಗೆ ಹತ್ತಲಿಲ್ಲ, ನಾವೂ ಬಲವಂತ ಮಾಡ್ಲಿಲ್ಲ ಅಂದ್ರು ನಿಮ್ಮಪ್ಪ."

ಆ ವರ್ಷ ಗೌರಿಹಬ್ಬಕ್ಕೆ ಅಪ್ಪ ಬಾಗಿನ ತಂದರು. ಎಲೆಯ ಮುಂದೆ ಅವರೊಬ್ಬರೇ ಇದ್ದಾಗ ಅನ್ನ ಬಡಿಸುತ್ತಾ ಕೇಳಿದೆ: "ನಂಗೆ ಓದು ತಲೆಗೆ ಹತ್ತಲಿಲ್ವಾ ಅಪ್ಪ?"

ಕಲಸುತ್ತಿದ್ದ ಕೈ ನಿಂತಿತು. "ಏನೋ ಒಂದು ಹೇಳಬೇಕಿತ್ತು. ಗಂಡಿಗಿಂತ ಹೆಚ್ಚು ಓದಿದೋಳಿಗೆ ಗಂಡು ಎಲ್ಲಿಂದ ತರ್ಲಿ?"

"ಬೇರೆಯವರ ಮಗಳಿಗೆ?"

ಅವರು ಮಜ್ಜಿಗೆ ಕೇಳಿದರು. ಬಡಿಸಿದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮಾವನವರಿಗೆ ಹೇಳಿ ಅಪ್ಪ ಹೊರಟರು. ಬಾಗಿಲವರೆಗೆ ಹೋಗಿ ಕಳಿಸಿಕೊಡು ಎಂದು ಅತ್ತೆ ಕಣ್ಣಲ್ಲೇ ಹೇಳಿದರು. ನಾನು ಏಳಲಿಲ್ಲ.