ಚಂದ್ರಕಾಂತದ ಹಿಂಬದಿ

ಕಲ್ಲಿಗೆ ಸಾಣೆ ಹಿಡಿಯುವ ಆ ಹೆಂಗಸನ್ನು ಬೀದಿಯವರೆಲ್ಲ ಭೂತಗನ್ನಡಿ ಅತ್ತೆ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೂ ಆ ಕನ್ನಡಿಯನ್ನು ಅವಳು ಕೆಳಗಿಡುತ್ತಿರಲಿಲ್ಲ. ಹಾಲಿನವನ ಹಾಲು, ತಮ್ಮ ತಂದ ಚಾದರ, ಎಲ್ಲಕ್ಕೂ ಅದರಡಿ ವಿಚಾರಣೆ. ಬದುಕಿದ್ದಷ್ಟು ದಿನ ಗಂಡನಿಗೂ ಬಿಡುಗಡೆ ಇರಲಿಲ್ಲ ಅನ್ನಿ. ಪೂರ್ತಿ ಅವಳನ್ನೇ ದೂರುವಂತೆಯೂ ಇಲ್ಲ. ಮದುವೆಯಾದ ಹೊಸದರಲ್ಲಿ ಗಾಜನ್ನು ಅಸಲಿ ಹರಳೆಂದು ಖರೀದಿಸಿ ನಾಲ್ಕು ಜನರೆದುರು ನಗೆಪಾಟಲಾಗಿದ್ದಳು.

ಇಂಥವಳ ಒಬ್ಬಳೇ ಮಗಳು ಒಂದು ದಿನ ಬೆರಳಿಗೆ ಉಂಗುರ ಹಾಕಿಕೊಂಡು ಬಂದಳು. ಅವಳನ್ನು ಮದುವೆಯಾಗುತ್ತೇನೆಂದ ಬಸ್ ಡ್ರೈವರ್ ಕೊಟ್ಟದ್ದು. ಚಂದ್ರಕಾಂತ ಶಿಲೆ, ಅದೂ ನೀಲಿ ಬೆಳಕಿನದು! ಡ್ರೈವರಿಗೆ ಇದೆಲ್ಲಿ ಸಿಕ್ಕಿತು?

"ನಿನ್ನ ದಮ್ಮಯ್ಯ ಅಮ್ಮ, ಬೇಗ ನೋಡಿ ಕೊಟ್ಬಿಡು. ಅವರು ಹೊರಗೆ ಕಾಯ್ತಿದ್ದಾರೆ."

"ಇದು ನಕಲಿ ಆದ್ರೆ ಅವನೂ ನಕಲಿ. ಮತ್ತೆ ಮದುವೆ ಮಾತು ಎತ್ತಬೇಡ."

ಗಾಜಾಗಿದ್ದರೆ ಒಳಗೆ ಗುಳ್ಳೆ ಕಾಣಬೇಕು. ಕಂಡದ್ದು ಜರಿಹುಳುವಿನಂಥ ಸಣ್ಣ ಬಿರುಕುಗಳು, ಅಸಲಿಯ ಗುರುತು. ನೆಲದಾಳದಲ್ಲಿ ಕರಗಿದ ಬಂಡೆ ನಿಧಾನವಾಗಿ ತಣಿಯುವಾಗ, ಬೆರೆತುಹೋಗಿದ್ದ ಎರಡು ಬಗೆಯ ಫೆಲ್ಡ್‌ಸ್ಪಾರ್ ಖನಿಜ ಬೇರೆಯಾಗಿ ಪದರ ಪದರವಾಗಿ ಕೂರುತ್ತವೆ. ಬೆಳಕು ಆ ಪದರಗಳಲ್ಲಿ ಚೆದುರಿ ಕಲ್ಲಿನೊಳಗೆ ತೇಲಿದಂತೆ ಕಾಣುತ್ತದೆ. ಅವಳು ತಿರುಗಿಸಿದಳು, ಬೆಳಕು ಸರಿದಾಡಿತು. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿದ್ದದ್ದೇ ಅವಳಿಗೆ ಸರಿಬರಲಿಲ್ಲ.

ಉಂಗುರದ ಹಿಂಬದಿ ಮುಚ್ಚಿತ್ತು. ಮಂಕು ಕಲ್ಲಿನ ಹಿಂದೆ ನೀಲಿ ತಗಡು ಇಟ್ಟು ಟೋಪಿ ಹಾಕುವವರನ್ನು ಅವಳು ಕಂಡಿದ್ದಳು. ಸಣ್ಣ ಉಳಿಯ ಮೊನೆ ತೂರಿಸಿ ಕಲ್ಲನ್ನು ಮೀಟಿದಳು. ಟಿಕ್ ಎಂದಿತು. ಈ ಕಲ್ಲು ಎರಡು ದಿಕ್ಕಿನಲ್ಲಿ ಸಲೀಸಾಗಿ ಸೀಳಿಹೋಗುತ್ತದೆ, ಜೋರು ಮಾಡಬೇಡಿ ಎಂದು ಕೆಲಸ ಕಲಿಯುವವರಿಗೆಲ್ಲ ಬೈದು ಹೇಳಿದವಳು ಅವಳೇ. ಕಲ್ಲು ಎರಡು ಹೋಳಾಗಿತ್ತು. ಹಿಂದೆ ಯಾವ ತಗಡೂ ಇರಲಿಲ್ಲ.

ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದಳು. ನಾಚಿಕೆಗಿಂತ ಹೆಚ್ಚಾಗಿ, ಮಗಳು ಕೈತಪ್ಪಿ ಹೋಗುತ್ತಾಳೆಂಬ ಭಯ.

"ಅಸಲೀನೇ ಕಣಪ್ಪ," ಎಂದಳು.

ಡ್ರೈವರ್ ಒಂದು ಹೋಳನ್ನು ಬೆರಳಿಂದ ಮುಟ್ಟಿ ನೋಡಿದ. "ನಮ್ಮಮ್ಮನ ಉಂಗುರ ಇದು, ಸಾಯೋವರೆಗೂ ಬೆರಳಿಂದ ತೆಗೆದಿರಲಿಲ್ಲ. ನನ್ನ ಕೇಳಿದ್ರೆ ಹೇಳ್ತಿದ್ದೆ, ಅತ್ತೆ."

ಮಗಳು ಅಮ್ಮನ ಅಂಗೈಯಿಂದ ಎರಡೂ ಹೋಳು ಆರಿಸಿಕೊಂಡು, ಚಪ್ಪಲಿ ಮೆಟ್ಟಿ, ಅವನ ಜೊತೆ ಬೀದಿಗಿಳಿದಳು. ಮದುವೆಗೆ ಅಮ್ಮನ ಒಪ್ಪಿಗೆಯನ್ನು ಅವಳು ಮತ್ತೆ ಕೇಳಲಿಲ್ಲ.